ನೆನಪಿಗೆ ಕೊಟ್ಟ ಅಂಕ

2012ರ ಜೂನ್ 13ರ ರಾತ್ರಿ ಅಮೆರಿಕದ ಟಿಎನ್‌ಟಿ ವಾಹಿನಿಯಲ್ಲಿ ಒಬ್ಬ ಮುದುಕ ಮಾತಾಡಿದ. ಆಶ್ರಮದ ಕುರ್ಚಿಯಲ್ಲಿ ಕಣ್ಣು ನೆಟ್ಟು, ತಮ್ಮ ಬಂದು ಕರೆದರೂ ತುಟಿ ಬಿಚ್ಚದೆ ಕುಳಿತಿದ್ದವನು, ಮಗ ಬಂದು ಮನೆಯ ಜಮೀನಿನ ಸುದ್ದಿ ಎತ್ತಿದ ಕೂಡಲೇ ಎಚ್ಚರಗೊಂಡ. ಅವನು ಜೆ.ಆರ್. ಯೂಯಿಂಗ್. ಆ ಪಾತ್ರದಲ್ಲಿದ್ದವರು ಎಂಬತ್ತು ದಾಟಿದ ಲ್ಯಾರಿ ಹ್ಯಾಗ್‌ಮನ್. 1991ರಲ್ಲಿ ನಿಂತುಹೋಗಿದ್ದ ‘ಡಲ್ಲಾಸ್’ ಧಾರಾವಾಹಿ ಇಪ್ಪತ್ತೊಂದು ವರ್ಷಗಳ ಬಳಿಕ ಮತ್ತೆ ಶುರುವಾದದ್ದು ಹೀಗೆ. ಸುಮಾರು 69 ಲಕ್ಷ ಜನ ಅದನ್ನು ನೋಡಿದರು. ವಿಮರ್ಶಕರಲ್ಲಿ ಹೆಚ್ಚಿನವರು ತಲೆದೂಗಿದರು. ಹ್ಯಾಗ್‌ಮನ್ನರ ಹುಬ್ಬು, ಪ್ಯಾಟ್ರಿಕ್ ಡಫಿಯ ಗಾಂಭೀರ್ಯ, ಲಿಂಡಾ ಗ್ರೇ ಅವರ ನಿಲುವು ಎಲ್ಲವೂ ಹಾಗೇ ಇವೆ, ಹೊಸ ಹುಡುಗರು ಮಾತ್ರ ಸ್ವಲ್ಪ ಸಪ್ಪೆ ಎಂಬುದು ಅಂದಿನ ಒಮ್ಮತದ ಮಾತಾಗಿತ್ತು.

ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ತೀರ್ಪೂ ಅಲ್ಲ. ಹಳೆಯ ಸ್ನೇಹಿತ ಬಹಳ ವರ್ಷಗಳ ಮೇಲೆ ಮನೆಗೆ ಬಂದಾಗ ಬಾಗಿಲಲ್ಲೇ ಆಡುವ ಸಂತೋಷದ ಮಾತು ಅದು. ಬಂದವನು ಯಾಕೆ ಬಂದ, ಏನು ತಂದ, ಎಷ್ಟು ದಿನ ಇರುತ್ತಾನೆ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ವಿಮರ್ಶಕನಾದವನು ಕೇಳಬೇಕು. ಹೊಸ ‘ಡಲ್ಲಾಸ್’ಗೆ ಸಿಕ್ಕ ಅಂಕಗಳು ಹಳೆಯ ‘ಡಲ್ಲಾಸ್’ನ ನೆನಪಿಗೆ ಸಂದವು ಎಂದು ಈ ಪತ್ರಿಕೆ ಖಚಿತವಾಗಿ ಹೇಳಬಯಸುತ್ತದೆ. ಹೊಸ ಕೃತಿ ತನ್ನ ಕೈಗೆ ತಾನೇ ತೆಗೆದುಕೊಂಡ ಒಂದು ದೊಡ್ಡ ವಿಷಯವನ್ನು ಅರ್ಧದಲ್ಲಿ ಬಿಟ್ಟುಕೊಟ್ಟಿತು. ಅದನ್ನು ಎದ್ದು ನಿಂತು ಹೇಳಬೇಕಾಗಿದ್ದವರು ಹುಬ್ಬಿನ ಬಗ್ಗೆ ಬರೆಯುತ್ತಿದ್ದರು.

ಮೊದಲು ಹಳೆಯದು ಏನಾಗಿತ್ತು ಎಂಬುದನ್ನು ನೆನೆಯಬೇಕು. 1978ರ ಏಪ್ರಿಲ್ 2ರಂದು ಸಿಬಿಎಸ್‌ನಲ್ಲಿ ಐದು ಕಂತುಗಳ ಕಿರುಸರಣಿಯಾಗಿ ಅದು ಆರಂಭವಾಯಿತು. ಕಟ್ಟಿದವರು ಡೇವಿಡ್ ಜೇಕಬ್ಸ್. ಜಾಕ್ ಯೂಯಿಂಗ್ ಮತ್ತು ಡಿಗ್ಗರ್ ಬಾರ್ನ್ಸ್ ಒಂದು ಕಾಲದಲ್ಲಿ ಜೊತೆಗೂಡಿ ಎಣ್ಣೆ ಹುಡುಕಿದವರು. ಒಬ್ಬ ಸಿರಿವಂತನಾದ, ಇನ್ನೊಬ್ಬ ತನಗೆ ಮೋಸವಾಯಿತೆಂದು ಕುಡಿದು ಹಾಳಾದ. ಜಾಕ್‌ನ ಕಿರಿಮಗ ಬಾಬಿ ಡಿಗ್ಗರ್‌ನ ಮಗಳು ಪಮೇಲಾಳನ್ನು ಮದುವೆಯಾಗಿ ಸೌತ್‌ಫೋರ್ಕ್ ಎಂಬ ಜಮೀನ್ದಾರಿ ಮನೆಗೆ ಕರೆತರುತ್ತಾನೆ. ಕಥೆ ಅಲ್ಲಿಂದ ಹೊರಡುತ್ತದೆ. 14 ಸೀಸನ್, 357 ಕಂತು. 1973ರ ತೈಲ ನಿರ್ಬಂಧ ಕಂಡಿದ್ದ, 1979ರಲ್ಲಿ ಮತ್ತೆ ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತ ದೇಶಕ್ಕೆ ಎಣ್ಣೆಯ ಒಡೆಯರು ಎಂಥವರು ಎಂದು ತಿಳಿಯುವ ಕುತೂಹಲವಿತ್ತು. ಜಾಕ್‌ನ ಹಿರಿಮಗ ಜೆ.ಆರ್. ಆ ಕುತೂಹಲಕ್ಕೆ ಮುಖ ಕೊಟ್ಟ. ನಗುತ್ತಲೇ ಸಾಲಗಾರರನ್ನು, ಸೆನೆಟರುಗಳನ್ನು, ಸ್ವಂತ ಹೆಂಡತಿಯನ್ನು ಮುಳುಗಿಸಿದ. 1980ರ ಮಾರ್ಚ್ 21ರಂದು ಅವನಿಗೆ ಯಾರೋ ಗುಂಡು ಹಾರಿಸಿದರು. ನಟರ ಮುಷ್ಕರ ನಡುವೆ ಬಂದು ಉತ್ತರ ತಡವಾಯಿತು. ನವೆಂಬರ್ 21ರಂದು ಉತ್ತರ ತಿಳಿಯಲು ಅಮೆರಿಕದಲ್ಲಿ ಸುಮಾರು 8 ಕೋಟಿ 30 ಲಕ್ಷ ಜನ ಟಿವಿ ಮುಂದೆ ಕುಳಿತರು. ಗುಂಡು ಹಾರಿಸಿದವಳು ನಾದಿನಿ ಕ್ರಿಸ್ಟಿನ್.

ಅದನ್ನು ಆಗ ಹಗುರವಾಗಿ ಕಂಡವರೇ ಬಹಳ. ಫ್ರಾನ್ಸ್‌ನ ಸಂಸ್ಕೃತಿ ಸಚಿವ ಜಾಕ್ ಲ್ಯಾಂಗ್ ಅವರಿಗೆ ‘ಡಲ್ಲಾಸ್’ ಅಮೆರಿಕದ ಸಾಂಸ್ಕೃತಿಕ ಸಾಮ್ರಾಜ್ಯಶಾಹಿಯ ಗುರುತಾಗಿ ಕಂಡಿತು. ಆದರೆ ಅದೇ ದಶಕದಲ್ಲಿ ಅದನ್ನು ನಿಜವಾದ ಶ್ರದ್ಧೆಯಿಂದ ಓದಿದವರೂ ಇದ್ದರು. ನೆದರ್ಲೆಂಡ್ಸ್‌ನಲ್ಲಿ ಇಯೆನ್ ಆಂಗ್ ಎಂಬ ಯುವ ವಿದ್ವಾಂಸೆ ಒಂದು ಮಹಿಳಾ ಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಹಾಕಿದರು. ತನಗೆ ಈ ಧಾರಾವಾಹಿ ಇಷ್ಟ, ನಿಮಗೆ ಏನನ್ನಿಸುತ್ತದೆ ಬರೆಯಿರಿ ಎಂದು ಕೇಳಿದರು. 42 ಪತ್ರ ಬಂದವು. ಆ ಪತ್ರಗಳನ್ನೇ ಆಧರಿಸಿ ಅವರು ಬರೆದ ಪುಸ್ತಕ ಇಂದಿಗೂ ಟಿವಿ ಅಧ್ಯಯನದ ಬುನಾದಿ ಕಲ್ಲುಗಳಲ್ಲೊಂದು. ಮನೆ, ಕಾರು, ಹಣ ಎಷ್ಟು ನಂಬಲಸಾಧ್ಯವಾದರೂ ಆ ಮನೆಯೊಳಗಿನ ದುಃಖ ನಿಜ ಎಂದು ಪತ್ರ ಬರೆದ ಹೆಂಗಸರು ಹೇಳಿದ್ದನ್ನು ಆಂಗ್ ತಳ್ಳಿಹಾಕಲಿಲ್ಲ. ಅದನ್ನೇ ಕೇಂದ್ರಕ್ಕೆ ತಂದರು.

ಇಸ್ರೇಲ್‌ನಲ್ಲಿ ಟಮಾರ್ ಲೀಬ್ಸ್ ಮತ್ತು ಎಲಿಹು ಕಾಟ್ಜ್ ಮಾಡಿದ ಕೆಲಸ ಇನ್ನೂ ಸೊಗಸು. ಅರಬರು, ಮೊರಾಕ್ಕೊದಿಂದ ಬಂದ ಯಹೂದಿಗಳು, ರಷ್ಯಾದಿಂದ ವಲಸೆ ಬಂದವರು, ಕಿಬ್ಬುಟ್ಸ್‌ನವರು, ಹೀಗೆ ಬೇರೆ ಬೇರೆ ಮನೆಗಳಲ್ಲಿ ಗುಂಪಾಗಿ ಕುಳಿತು ಒಂದೇ ಕಂತನ್ನು ನೋಡಿದವರನ್ನು ಮಾತಾಡಿಸಿದರು. ರಷ್ಯನ್ನರು ಇದರ ಹಿಂದೆ ಯಾರದೋ ಉದ್ದೇಶವಿದೆ ಎಂದು ಅನುಮಾನಿಸಿದರು. ಅರಬ್ ಗುಂಪೊಂದು ಕಥೆಯನ್ನೇ ಬದಲಿಸಿಕೊಂಡು ಹೇಳಿತು. ತೆರೆಯ ಮೇಲೆ ಜೆ.ಆರ್.ನ ಹೆಂಡತಿ ಸೂ ಎಲನ್ ಗಂಡನನ್ನು ಬಿಟ್ಟು ಕೂಸಿನೊಂದಿಗೆ ಹಳೆಯ ಪ್ರಿಯಕರನ ತಂದೆಯ ಮನೆಗೆ ಹೋಗುತ್ತಾಳೆ. ಆ ಗುಂಪಿನ ನೆನಪಿನಲ್ಲಿ ಅವಳು ಹೋದದ್ದು ತನ್ನ ಸ್ವಂತ ತಂದೆಯ ಮನೆಗೆ. ತವರು ಎಂಬ ಮಾತು ಗೊತ್ತಿರುವ ನಮಗೆ ಇದು ಒಡನೆ ಅರ್ಥವಾಗುತ್ತದೆ. ಮನೆ ಬಿಟ್ಟ ಮಗಳು ಹೋಗಲು ಇನ್ನೆಲ್ಲಿದೆ? ನೋಡುವವರು ಸುಮ್ಮನೆ ನುಂಗುವವರಲ್ಲ, ತಮ್ಮ ಮನೆಯ ನ್ಯಾಯವನ್ನು ತೆರೆಯೊಳಕ್ಕೆ ಒಯ್ಯುವವರು ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷ್ಯವನ್ನು ನಾವು ಕಂಡಿಲ್ಲ.

ಮೂಲ ಧಾರಾವಾಹಿಗೆ ತಡವಾಗಿಯಾದರೂ ಇಂಥ ಓದು ದಕ್ಕಿತು. ಮರಳಿ ಬಂದದ್ದಕ್ಕೆ ಇದರ ಕಾಲು ಭಾಗ ಗಮನವೂ ದಕ್ಕಲಿಲ್ಲ. ಆ ಗಮನಕ್ಕೆ ಅದು ಅರ್ಹವೇ ಆಗಿತ್ತು. ಯಾಕೆಂದರೆ ಸಿಂಥಿಯಾ ಸಿಡ್ರೆ ರೂಪಿಸಿದ ಹೊಸ ‘ಡಲ್ಲಾಸ್’ ಬರೀ ಪಳೆಯುಳಿಕೆಯಾಗಿ ಬರಲಿಲ್ಲ. ಮೊದಲ ಸೀಸನ್‌ನ ಹತ್ತು ಕಂತುಗಳಲ್ಲಿ ಒಂದು ನಿಜವಾದ ಜಗಳವಿತ್ತು. ಜೆ.ಆರ್. ಮತ್ತು ಬಾಬಿಯ ತಾಯಿ ಮಿಸ್ ಎಲಿ ಸೌತ್‌ಫೋರ್ಕ್‌ನ ನೆಲದಲ್ಲಿ ಎಂದೂ ಎಣ್ಣೆಗಾಗಿ ಕೊರೆಯಬಾರದು ಎಂದು ಉಯಿಲು ಬರೆದು ಹೋಗಿದ್ದಾಳೆ. ಜೆ.ಆರ್.ನ ಮಗ ಜಾನ್ ರಾಸ್ ಕದ್ದು ಕೊರೆಯುತ್ತಾನೆ, ಎಣ್ಣೆ ಚಿಮ್ಮುತ್ತದೆ. ಬಾಬಿಯ ದತ್ತುಮಗ ಕ್ರಿಸ್ಟೋಫರ್‌ಗೆ ಎಣ್ಣೆಯ ಕಾಲ ಮುಗಿಯಿತೆಂಬ ನಂಬಿಕೆ. ಸಮುದ್ರತಳದಲ್ಲಿ ಮಂಜಿನಂತೆ ಹೆಪ್ಪುಗಟ್ಟಿದ ಮೀಥೇನ್ ಅನ್ನು ಇಂಧನವಾಗಿಸುವ ಕನಸು ಅವನದು, ಆದರೆ ಅದನ್ನು ತೆಗೆಯಹೋದರೆ ನೆಲ ನಡುಗುತ್ತದೆ ಎಂಬ ಅಂಜಿಕೆಯೂ ಇದೆ. ಬಾಬಿಗೆ ಜಮೀನನ್ನು ಸಂರಕ್ಷಣೆಗೆ ಬಿಟ್ಟುಕೊಡುವ ಆಸೆ. ಒಂದು ನೆಲ, ಮೂರು ಧರ್ಮ. ಮೇಲಾಗಿ ಈ ಸಲ ಚಿತ್ರೀಕರಣ ನಡೆದದ್ದು ಡಲ್ಲಾಸ್‌ನಲ್ಲೇ. ಹಳೆಯದರ ಹೆಚ್ಚಿನ ಭಾಗವನ್ನು ಕ್ಯಾಲಿಫೋರ್ನಿಯಾದ ಸ್ಟುಡಿಯೊದಲ್ಲಿ ತೆಗೆದಿದ್ದರು. ಬೆಳಕಿನಲ್ಲೇ ಆ ವ್ಯತ್ಯಾಸ ಕಾಣುತ್ತಿತ್ತು.

ಹ್ಯಾಗ್‌ಮನ್ ಅವರ ಬದುಕಿನ ಒಂದು ಸಂಗತಿ ಈ ಜಗಳಕ್ಕೆ ಆಳ ಕೊಡುತ್ತದೆ. ಎಣ್ಣೆ ದೊರೆಯ ಪಾತ್ರದಿಂದ ಲೋಕಪ್ರಸಿದ್ಧರಾದ ಆ ನಟ ಕ್ಯಾಲಿಫೋರ್ನಿಯಾದ ಓಹೈಯಲ್ಲಿನ ತಮ್ಮ ಮನೆಗೆ ಸೌರಫಲಕಗಳನ್ನು ಹಾಕಿಸಿಕೊಂಡಿದ್ದರು. 2010ರಲ್ಲಿ ಒಂದು ಸೌರಶಕ್ತಿ ಕಂಪನಿಯ ಜಾಹೀರಾತಿನಲ್ಲಿ ಜೆ.ಆರ್.ನ ಠೀವಿಯಲ್ಲೇ ಕಾಣಿಸಿಕೊಂಡು ಸೂರ್ಯನ ಪರ ವಕಾಲತ್ತು ಮಾಡಿದ್ದರು. ತಾನು ಸೃಷ್ಟಿಸಿದ ಖಳನ ವಿರುದ್ಧ ತಾನೇ ನಿಂತಿದ್ದ ಕಲಾವಿದ ಕೈಯಳತೆಯಲ್ಲಿ ಇದ್ದಾಗ, ಕಥೆ ಬರೆಯುವವರಿಗೆ ಇನ್ನೇನು ಬೇಕಿತ್ತು?

ಹ್ಯಾಗ್‌ಮನ್ ಹೆಚ್ಚು ದಿನ ಇರಲಿಲ್ಲ. ಎರಡನೇ ಸೀಸನ್‌ನ ಚಿತ್ರೀಕರಣದ ನಡುವೆ, 2012ರ ನವೆಂಬರ್ 23ರಂದು, ಡಲ್ಲಾಸ್ ನಗರದ ಆಸ್ಪತ್ರೆಯಲ್ಲೇ ತೀರಿಕೊಂಡರು. 81 ವರ್ಷ. ಸೂ ಎಲನ್ ಪಾತ್ರದ ಲಿಂಡಾ ಗ್ರೇ ಮತ್ತು ಬಾಬಿ ಪಾತ್ರದ ಪ್ಯಾಟ್ರಿಕ್ ಡಫಿ ಹಾಸಿಗೆಯ ಬಳಿ ಇದ್ದರು. 2013ರ ಮಾರ್ಚ್ 11ರಂದು ಜೆ.ಆರ್.ನ ಶವಸಂಸ್ಕಾರದ ಕಂತು ಪ್ರಸಾರವಾಯಿತು. ಅದು ನಿಜಕ್ಕೂ ದೊಡ್ಡ ಕಂತು. ದಶಕಗಳಿಂದ ಕುಡಿತ ಬಿಟ್ಟಿದ್ದ ಸೂ ಎಲನ್ ಅಂದು ಮತ್ತೆ ಕುಡಿದು, ಸಮಾಧಿಯ ಎದುರು ನಿಂತು ಅದನ್ನು ಒಪ್ಪಿಕೊಂಡು, ಮಾಜಿ ಗಂಡನ ಕೊನೆಯ ಪತ್ರ ಓದುತ್ತಾಳೆ. ಲಿಂಡಾ ಗ್ರೇ ಅಲ್ಲಿ ಅಳುವುದು ಪಾತ್ರಕ್ಕೋ ಗೆಳೆಯನಿಗೋ ಎಂದು ಬಿಡಿಸಿ ಹೇಳಲಾಗದು, ಬಿಡಿಸುವ ಅಗತ್ಯವೂ ಇಲ್ಲ. ವಿಮರ್ಶಕರು ಅಂದು ಮತ್ತೊಮ್ಮೆ ಮನಸಾರೆ ಹೊಗಳಿದರು. ಅದು ಸಲ್ಲಬೇಕಾದ ಹೊಗಳಿಕೆಯೇ.

ಕೆಟ್ಟದ್ದು ಶುರುವಾದದ್ದು ಅದರ ಬೆನ್ನಿಗೆ. ಜೆ.ಆರ್.ನನ್ನು ಕೊಂದವರಾರು ಎಂಬ ಹಳೆಯ ಒಗಟನ್ನೇ ಮತ್ತೆ ಹೂಡಲಾಯಿತು. ಏಪ್ರಿಲ್ 15ರ ಕೊನೆಯ ಕಂತಿನಲ್ಲಿ ಉತ್ತರ ಬಂತು: ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಜೆ.ಆರ್. ತನ್ನ ನಂಬಿಗಸ್ತನಿಂದ ತಾನೇ ಗುಂಡು ಹಾರಿಸಿಕೊಂಡು, ಆ ಕೊಲೆಯನ್ನು ಹಳೆಯ ವೈರಿ ಕ್ಲಿಫ್ ಬಾರ್ನ್ಸ್‌ನ ತಲೆಗೆ ಕಟ್ಟಲು ಯೋಜನೆ ಹಾಕಿ ಹೋಗಿದ್ದ. ಖಳನಾಯಕನ ಕೊನೆಯ ಆಟವಾಗಿ ಇದು ಒಪ್ಪುತ್ತದೆ. ಒಪ್ಪದಿರುವುದು ಬಾಬಿ. ಮೂವತ್ತೈದು ವರ್ಷಗಳಿಂದ ಈ ಮನೆಯ ನ್ಯಾಯವಾಗಿ ನಿಂತವನು ಬಾಬಿ ಯೂಯಿಂಗ್. ಅವನೂ ಅವನ ಮಗನೂ ಸುಳ್ಳು ಸಾಕ್ಷ್ಯ ಹೂಡಿ ಒಬ್ಬ ಮನುಷ್ಯನನ್ನು ಮಾಡದ ಕೊಲೆಗೆ ಮೆಕ್ಸಿಕೊದ ಜೈಲಿಗೆ ದಬ್ಬುತ್ತಾರೆ. ಕ್ಲಿಫ್ ಬೇರೆ ಪಾಪಗಳನ್ನು ಮಾಡಿರಬಹುದು, ಮಾಡಿದ್ದಾನೆ. ಆದರೆ ಬಾಬಿಯ ಈ ಕೃತ್ಯವನ್ನು ಧಾರಾವಾಹಿ ಕುಟುಂಬದ ಗೆಲುವೆಂಬಂತೆ ತೋರಿಸಿತು. ಒಬ್ಬ ಸಜ್ಜನ ಅಣ್ಣನ ಹೆಣದ ಮೇಲೆ ಕೈ ಇಟ್ಟು ಅಣ್ಣನೇ ಆಗಿಬಿಟ್ಟ ದುರಂತ ಅಲ್ಲಿತ್ತು. ಅದನ್ನು ದುರಂತವೆಂದು ಗುರುತಿಸುವ ಕಣ್ಣು ಬರೆದವರಿಗೆ ಆ ಹೊತ್ತಿನಲ್ಲಿ ಇರಲಿಲ್ಲ. ಅದು ಅಪರಾಧ ಎಂದು ಅಂದೇ ಗಟ್ಟಿಯಾಗಿ ಕೂಗಬೇಕಿತ್ತು.

ಇನ್ನೊಂದು, ನಮ್ಮ ಮಟ್ಟಿಗೆ ಅತಿ ದೊಡ್ಡದು, ಎಲೆನಾ ರಾಮೋಸ್‌ಳ ಕಥೆ. ಸೌತ್‌ಫೋರ್ಕ್‌ನ ಅಡುಗೆಯವಳ ಮಗಳು ಅವಳು, ಮೆಕ್ಸಿಕನ್ ಮೂಲದವಳು. ಯಜಮಾನರ ಮಕ್ಕಳ ಜೊತೆ ಆಡಿ ಬೆಳೆದು, ಓದಿ, ಎಣ್ಣೆ ತೆಗೆಯುವ ವಿದ್ಯೆ ಕಲಿತವಳು. ಜೈಲಿನಲ್ಲಿದ್ದ ಕ್ಲಿಫ್ ಅವಳ ಕೈಗೆ ಹಳೆಯ ದಾಖಲೆಗಳನ್ನು ತಲುಪಿಸುತ್ತಾನೆ. ಅವಳ ತಂದೆಗೆ ಸಲ್ಲಬೇಕಿದ್ದ ಎಣ್ಣೆಯಿದ್ದ ನೆಲವನ್ನು ಜೆ.ಆರ್. ಕಾಗದದಲ್ಲಿ ಅದಲುಬದಲು ಮಾಡಿ ಬರಡು ನೆಲ ಕೊಟ್ಟಿದ್ದ. ಅಪ್ಪ ಏನೂ ಇಲ್ಲದ ನೆಲವನ್ನು ಕೊರೆಯುತ್ತಲೇ ಸತ್ತ. ಇಡೀ ‘ಡಲ್ಲಾಸ್’ ಹುಟ್ಟಿದ್ದೇ ಜಾಕ್ ಡಿಗ್ಗರ್‌ಗೆ ಮಾಡಿದನೆಂಬ ಮೋಸದಿಂದ. ಅದೇ ಮೋಸ ಮುಂದಿನ ತಲೆಮಾರಿನಲ್ಲಿ ಆಳಿನ ಮನೆಗೆ ಆಗಿದೆ. ಮೂಲ ಧಾರಾವಾಹಿ ಎಂದೂ ಅಡುಗೆಮನೆಯ ಕಡೆಯಿಂದ ಆ ಮನೆಯನ್ನು ನೋಡಿರಲಿಲ್ಲ. ಮರಳಿ ಬರುವುದಕ್ಕೆ ಒಂದು ಸಕಾರಣ ಇದ್ದರೆ ಅದು ಇದೇ. ಭೂಮಿ ಯಾರದು, ಅದರ ಕೆಳಗಿರುವುದು ಯಾರದು ಎಂಬ ಪ್ರಶ್ನೆಯನ್ನು ಉಳುವವನೇ ಒಡೆಯ ಎಂಬ ಕಾನೂನಿನ ದಿನಗಳನ್ನು ಕಂಡ ಕರ್ನಾಟಕದ ಓದುಗರಿಗೆ ವಿವರಿಸಬೇಕಿಲ್ಲ.

ಮೂರನೇ ಸೀಸನ್ ಏನು ಮಾಡಿತು? ಎಲೆನಾಳನ್ನು ಸೇಡಿನ ಗೊಂಬೆಯಾಗಿಸಿ, ಬಾಲ್ಯದ ಗೆಳೆಯನೊಬ್ಬನ ಮೂಲಕ ಮಾದಕವಸ್ತುವಿನ ಮೆಕ್ಸಿಕನ್ ಗ್ಯಾಂಗನ್ನು ಕಥೆಯೊಳಕ್ಕೆ ಎಳೆದುತಂದಿತು. ಅಲ್ಲಿಗೆ ಭೂಮಿಯ ಪ್ರಶ್ನೆ ಸತ್ತಿತು. ಮೋಸಹೋದವರ ಕಡೆಯ ಜನರೇ ಕಥೆಯಲ್ಲಿ ಅಪಾಯದ ಮೂಲವಾದರು, ಮೋಸ ಮಾಡಿದ ಮನೆ ಮುತ್ತಿಗೆಗೆ ಒಳಗಾದ ಸಂತ್ರಸ್ತ ಮನೆಯಾಯಿತು. ಇದು ಕೇವಲ ಕಥೆಯ ಸೋಲಲ್ಲ, ನೈತಿಕ ಸೋಲು. ನ್ಯಾಯ ಕೇಳಿ ಬಂದವಳ ಕೈಯಲ್ಲಿದ್ದ ಕಾಗದವನ್ನು ಕಿತ್ತು ಅವಳ ಬೆನ್ನ ಹಿಂದೆ ಬಂದೂಕು ಹಿಡಿದವರನ್ನು ನಿಲ್ಲಿಸಿದ ಬರವಣಿಗೆಯನ್ನು ಯಾವ ಹಳೆಯ ಪ್ರೀತಿಯೂ ಕ್ಷಮಿಸಬಾರದು.

ಹೊಸ ಹುಡುಗರು ಸಪ್ಪೆ ಎಂಬ ಆರೋಪಕ್ಕೂ ಇಲ್ಲೇ ಉತ್ತರವಿದೆ. ಜೋಶ್ ಹೆಂಡರ್‌ಸನ್, ಜೆಸ್ಸಿ ಮೆಟ್‌ಕಾಫ್, ಜೊರ್ಡಾನಾ ಬ್ರೂಸ್ಟರ್ ಇವರನ್ನು ದೂಷಿಸುವುದು ಸುಲಭ. ಲ್ಯಾರಿ ಹ್ಯಾಗ್‌ಮನ್‌ಗೆ 1978ರಲ್ಲಿ ಸಿಕ್ಕ ಮೊದಲ ಐದು ಕಂತುಗಳಲ್ಲಿ ಜೆ.ಆರ್. ಕೇಂದ್ರಪಾತ್ರವೂ ಆಗಿರಲಿಲ್ಲ. ಪಾತ್ರ ಬೆಳೆದದ್ದು ಅದಕ್ಕೆ ಒಂದು ಆಸೆಯನ್ನು ಕೊಟ್ಟು, ಆ ಆಸೆಯನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿದ್ದರಿಂದ. ಹೊಸಬರಿಗೆ ಪ್ರತಿ ನಾಲ್ಕು ಕಂತಿಗೊಂದು ಹೊಸ ಆಸೆ, ಹೊಸ ಹಾಸಿಗೆ, ಹೊಸ ಬೆದರಿಕೆ. ಕ್ರಿಸ್ಟೋಫರ್ ಯಾರು? ಜೆ.ಆರ್.ಗೆ ಗುಂಡು ಹಾರಿಸಿದ ಕ್ರಿಸ್ಟಿನ್‌ಳ ಹೆತ್ತ ಮಗ, ಬಾಬಿ ಮತ್ತು ಪಮೇಲಾ ಸಾಕಿದವನು. ಕೊಲ್ಲಬಂದವಳ ರಕ್ತ, ಕಾಪಾಡಿದವನ ಹೆಸರು. ಅವನು ಕಾಣೆಯಾದ ತಾಯಿ ಪಮೇಲಾಳನ್ನು ಹುಡುಕಿ ಹೊರಟಾಗ, ಅವಳು 1989ರಲ್ಲೇ ತೀರಿಹೋಗಿದ್ದಳೆಂದು ತಿಳಿಯುವ ಒಂದೆರಡು ಕ್ಷಣಗಳಲ್ಲಿ ಮೆಟ್‌ಕಾಫ್ ಅವರ ಮುಖದಲ್ಲಿ ನಿಜವಾದ ನಟ ಕಾಣುತ್ತಾನೆ. ಮುಂದಿನ ವಾರ ಅದರ ಸುದ್ದಿಯೇ ಇಲ್ಲ.

ಟಿಎನ್‌ಟಿ ವಾಹಿನಿಯ ನಡತೆ ಇದಕ್ಕಿಂತ ಖಂಡನೀಯ. ಎರಡನೇ ಸೀಸನ್ ಶುರುವಾಗುವ ಹೊತ್ತಿಗೆ ಮೊದಲ ರಾತ್ರಿಯ ನೋಡುಗರಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ. ಮೂರನೆಯದನ್ನು ಎರಡು ತುಂಡು ಮಾಡಿ, ನಡುವೆ ತಿಂಗಳುಗಟ್ಟಲೆ ಬಿಡುವು ಕೊಟ್ಟು ಪ್ರಸಾರ ಮಾಡಿದರು. ದಿನನಿತ್ಯವೋ ವಾರವಾರವೋ ಮನೆಗೆ ಬರುವುದೇ ಧಾರಾವಾಹಿಯ ಜೀವ. ಆ ಲಯ ಮುರಿದರೆ ಉಳಿಯುವುದು ಸುದ್ದಿ ಮಾತ್ರ. 2014ರ ಸೆಪ್ಟೆಂಬರ್ 22ರಂದು ನಲವತ್ತನೆಯ ಕಂತಿನ ಕೊನೆಯಲ್ಲಿ ಕ್ರಿಸ್ಟೋಫರ್ ಕೂತ ಕಾರು ಸಿಡಿಯಿತು. ಜೆ.ಆರ್.ಗೆ ಒಬ್ಬ ಮಗಳೂ ಇದ್ದಾಳೆಂಬ ಗುಟ್ಟು ಬಿಚ್ಚಿತು. ಎರಡು ವಾರವೂ ಕಳೆಯದೆ ಧಾರಾವಾಹಿ ರದ್ದು ಎಂಬ ಪ್ರಕಟಣೆ ಬಂತು. ಉಳಿಸಿಕೊಡಿ ಎಂದು ಅಭಿಮಾನಿಗಳು ಬೇಡಿದರು, ಫಲವಾಗಲಿಲ್ಲ. ಸತ್ತದ್ದನ್ನು ಎಬ್ಬಿಸಿದವರಿಗೆ ಅದನ್ನು ಮರ್ಯಾದೆಯಿಂದ ಕಳಿಸಿಕೊಡುವ ಹೊಣೆಯೂ ಇರುತ್ತದೆ. ಒಂದೇ ಒಂದು ಸಮಾಪನದ ಕಂತಿಗೆ ಅವರಲ್ಲಿ ಮನಸ್ಸಿರಲಿಲ್ಲ.

ಇನ್ನೊಂದು ಹಳೆಯ ಧಾರಾವಾಹಿ ‘ಡೈನಾಸ್ಟಿ’ಯನ್ನು 2017ರಲ್ಲಿ ಎಬ್ಬಿಸಿದ ಸಿಡಬ್ಲ್ಯೂ ವಾಹಿನಿಯ ದಾರಿ ಬೇರೆ. ಹಳೆಯ ನಟರ ಮೇಲೆ ನಿಲ್ಲದೆ ಎಲ್ಲವನ್ನೂ ಹೊಸಬರಿಂದ ಮಾಡಿಸಿ, ಕಥೆಯನ್ನು ಡೆನ್ವರ್‌ನಿಂದ ಅಟ್ಲಾಂಟಾಕ್ಕೆ ಒಯ್ದರು. ಅಮೆರಿಕದಲ್ಲಿ ನೋಡುಗರು ಕಡಿಮೆ, ಹೊಗಳಿಕೆಯೂ ಮಿತ. ಆದರೂ 2022ರವರೆಗೆ ಐದು ಸೀಸನ್ ನಡೆಸಿ ಕಥೆಯನ್ನು ಮುಗಿಸಿಯೇ ಬಿಟ್ಟರು. ‘ಡಲ್ಲಾಸ್’ನಷ್ಟು ಎತ್ತರದ ಸಾಧ್ಯತೆ ಅದಕ್ಕೆ ಇರಲಿಲ್ಲ. ಮುಗಿಸುವ ಶಿಸ್ತು ಇತ್ತು.

ಕನ್ನಡ ಓದುಗರ ಮುಂದೆ ಇದನ್ನೆಲ್ಲ ಇಡುವುದಕ್ಕೆ ಕಾರಣವಿದೆ. 2025ರ ಜುಲೈ 29ರಂದು ಸ್ಟಾರ್ ಪ್ಲಸ್‌ನಲ್ಲಿ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಮರಳಿತು, ಸ್ಮೃತಿ ಇರಾನಿ ಮತ್ತೆ ತುಳಸಿಯಾದರು. ನಮ್ಮಲ್ಲೇ 1998ರಲ್ಲಿ ಚಂದನದಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಕಟ್ಟಿದ ‘ಮಾಯಾಮೃಗ’ 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಬಂತು. ಇನ್ನೂ ಬರಲಿವೆ. ಹಳೆಯದರ ಹೆಸರಿಗೆ ಮಾರುಕಟ್ಟೆಯಿದೆ ಎಂದು ವಾಹಿನಿಗಳು ಕಂಡುಕೊಂಡಿವೆ. ಆದರೆ ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶನಿವಾರ ನಕ್ಷತ್ರ ಹಾಕುವ ನಮ್ಮ ಪತ್ರಿಕೆಗಳಲ್ಲಿ, ವರ್ಷಗಟ್ಟಲೆ ಪ್ರತಿ ರಾತ್ರಿ ಲಕ್ಷಾಂತರ ಮನೆಗಳಿಗೆ ಬರುವ ಧಾರಾವಾಹಿಗೆ ವಿಮರ್ಶೆಯ ಅಂಕಣ ಎಲ್ಲಿದೆ? ಟಿಆರ್‌ಪಿ ಪಟ್ಟಿ ಇದೆ, ನಟಿಯ ಮದುವೆಯ ಫೋಟೊ ಇದೆ, ಯಾವ ಪಾತ್ರಕ್ಕೆ ಯಾರು ಬದಲಾದರು ಎಂಬ ಸುದ್ದಿ ಇದೆ. ನೂರನೆಯ ಕಂತಿನಲ್ಲಿ ಒಬ್ಬ ಸೊಸೆಗೆ ಆದ ಅನ್ಯಾಯವನ್ನು ಇನ್ನೂರನೆಯದರಲ್ಲಿ ಮರೆತರೆ, ಮರೆತಿದ್ದೀರಿ ಎಂದು ಬರಹದಲ್ಲಿ ಹೇಳುವವರು ಇಲ್ಲ. ಈ ಲೋಪದಲ್ಲಿ ನಮ್ಮ ಪತ್ರಿಕೆಯ ಪಾಲೂ ಇದೆ. ಮನೆಯ ಹೆಂಗಸರು ಮಾತ್ರ ಅದನ್ನು ಹೇಳುತ್ತಲೇ ಇದ್ದಾರೆ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ತಾಯಿಯ ಜೊತೆ. ಇಯೆನ್ ಆಂಗ್ ಜಾಹೀರಾತು ಹಾಕಿ ಕೇಳಿದ್ದು ಅಂಥ ಮಾತನ್ನೇ. ಇಲ್ಲಿ ಕೇಳುವವರಾರು?

‘ಡಲ್ಲಾಸ್’ ಬಿಟ್ಟುಕೊಟ್ಟ ಭೂಮಿಯ ಪ್ರಶ್ನೆಗೆ ಮರಳೋಣ. ಸೌತ್‌ಫೋರ್ಕ್ ನಿಜಕ್ಕೂ ಇದೆ, ಡಲ್ಲಾಸ್‌ನ ಉತ್ತರಕ್ಕೆ ಪಾರ್ಕರ್ ಎಂಬ ಊರಿನಲ್ಲಿ. ಪಕ್ಕದ ಪ್ಲೇನೊ, ಫ್ರಿಸ್ಕೊಗಳಲ್ಲಿ ಇಂದು ಕನ್ನಡದ ಮನೆಗಳೂ ಇವೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ಡೆಂಟನ್ ನಗರ. ಕೆಳಗೆ ಬಾರ್ನೆಟ್ ಶೇಲ್ ಎಂಬ ಬಂಡೆಪದರ, ಅದರೊಳಗೆ ಅನಿಲ. ಟೆಕ್ಸಸ್‌ನಲ್ಲಿ ನೆಲದ ಮೇಲ್ಭಾಗ ಒಬ್ಬರದು, ಕೆಳಗಿನ ಖನಿಜ ಇನ್ನೊಬ್ಬರದು ಆಗಿರಬಹುದು. ಹಾಗಾಗಿ ಮನೆಗಳ ಹಿತ್ತಿಲಿಗೆ ಹತ್ತಿರದಲ್ಲೇ ಬಾವಿಗಳು ಬಂದವು, ನೀರನ್ನು ಒತ್ತಡದಲ್ಲಿ ನುಗ್ಗಿಸಿ ಬಂಡೆ ಸೀಳುವ ಕೆಲಸ ನಡೆಯಿತು. ಮಿಸ್ ಎಲಿಯ ಉಯಿಲಿನ ಜಗಳವೇ ಊರಿನ ಜಗಳವಾಗಿ ಅಲ್ಲಿ ನಡೆಯುತ್ತಿತ್ತು. ಅದೇ ಹೊತ್ತಿನಲ್ಲಿ, ಅದೇ ಬಯಲಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ಗ್ಯಾಂಗಿನ ಕಥೆ ತೆಗೆಯಲಾಗುತ್ತಿತ್ತು. ‘ಡಲ್ಲಾಸ್’ ರದ್ದಾದ ಒಂದು ತಿಂಗಳಿಗೆ, 2014ರ ನವೆಂಬರ್ 4ರಂದು, ಡೆಂಟನ್‌ನ ಮತದಾರರು ತಮ್ಮ ಊರಿನಲ್ಲಿ ಬಂಡೆ ಸೀಳುವುದನ್ನು ನಿಷೇಧಿಸಿದರು. ಟೆಕ್ಸಸ್‌ನಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಮರುವರ್ಷ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊಸ ಕಾಯ್ದೆ ತಂದು ಊರುಗಳಿಂದ ಆ ಹಕ್ಕನ್ನೇ ಕಸಿದುಕೊಂಡಿತು. ಜೂನ್‌ನಲ್ಲಿ ಡೆಂಟನ್ ತನ್ನ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು.